ಸೂಜಿಯಿಂದ ಬಿಡುಗಡೆ ಪಡೆದ ಎಲಿಜಬೆತ್ ಕೆಕ್ಲಿ

ಹೊಲಿಗೆಯ ಪಾಠವೆಂದೊಡನೆ ನಮ್ಮಲ್ಲಿ ಕೆಲವರ ಮುಖ ಬಾಡುವುದುಂಟು. ಗಣಿತ ಇತಿಹಾಸಗಳಲ್ಲಿ ಮುಂದಾದವಳು ಸೂಜಿ ಹಿಡಿಯುವುದರಲ್ಲಿ ಹಿಂದಾದರೆ ಕೊರತೆಯೇನೆಂದು ಕೇಳುವವರೂ ಇದ್ದಾರೆ. ಅಂತಹ ಸೋದರಿಯರು ಎಲಿಜಬೆತ್ ಕೆಕ್ಲಿ ಎಂಬ ಮಹಿಳೆಯ ಚರಿತ್ರೆಯನ್ನು ಒಮ್ಮೆ ಅರಿಯುವುದು ಒಳ್ಳೆಯದು. ಅಮೇರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮಳಾಗಿ ಜನಿಸಿ, ಸೂಜಿ ಕತ್ತರಿಗಳ ದುಡಿಮೆಯಿಂದ ತನ್ನನ್ನೂ ತನ್ನ ಮಗನನ್ನೂ ದಾಸ್ಯದಿಂದ ಬಿಡಿಸಿಕೊಂಡು, ಆ ದೇಶದ ಅಧ್ಯಕ್ಷನಾದ ಅಬ್ರಹಾಂ ಲಿಂಕನನ ಪತ್ನಿಗೆ ಉಡುಪುಗಳನ್ನು ಹೊಲಿದುಕೊಟ್ಟವಳು ಈಕೆ. ಈಕೆಯ ಬಾಳಿನಲ್ಲಿ ಹೊಲಿಗೆಯು ಬಿಡುವಿನ ವಿನೋದವಾಗಿರಲಿಲ್ಲ. ಒಡೆಯರು ಅದರ ಸಂಪಾದನೆಯನ್ನು ಕಸಿದುಕೊಳ್ಳಬಲ್ಲವರಾಗಿದ್ದರು. ವಿದ್ಯೆಯನ್ನು ಮಾತ್ರ ಕಸಿದುಕೊಳ್ಳಲಾರದವರಾಗಿದ್ದರು.

ಎಲಿಜಬೆತ್ತಳು ೧೮೧೮ರಲ್ಲಿ ವರ್ಜೀನಿಯಾ ಸಂಸ್ಥಾನದ ಡಿನ್‌ವಿಡ್ಡಿ ಎಂಬಲ್ಲಿ ಹುಟ್ಟಿದಳು. ತಾಯಿಯಾದ ಆಗ್ನೆಸಳು ಕರ್ನಲ್ ಬರ್ವೆಲ್ ಎಂಬ ಜಮೀನುದಾರನ ಮನೆಯ ದಾಸಿ. ಮಗುವಿನ ತಂದೆಯು ಆ ಯಜಮಾನನೇ. ಆದರೆ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ ಮಗುವು ದಾಸ್ಯಕ್ಕೇ ಸೇರಿದ್ದೆಂಬುದು ಅಂದಿನ ಕಾಯಿದೆ. ಆಕೆಯು ತಂದೆಯೆಂದು ತಿಳಿದು ಪ್ರೀತಿಸಿದುದು ಜಾರ್ಜ್ ಹಾಬ್ಸ್ ಎಂಬ ಗುಲಾಮನನ್ನು. ಅವನು ಬೇರೊಬ್ಬ ಒಡೆಯನ ಸೊತ್ತು. ಆ ಒಡೆಯನು ಪಶ್ಚಿಮ ಸೀಮೆಗೆ ಹೊರಟಾಗ ಹಾಬ್ಸನೂ ಹೆಂಡತಿ ಮಗಳನ್ನು ಬಿಟ್ಟು ಹೋಗಬೇಕಾಯಿತು. ಆಮೇಲೆ ಅವನಿಂದ ಕಾಗದಗಳು ಬಂದುವೇ ಹೊರತು ಅವನು ಬರಲಿಲ್ಲ. ಆಗ್ನೆಸಳು ಓದುಬರಹ ಬಲ್ಲವಳು; ಹೊಲಿಗೆಯಲ್ಲಿಯೂ ನಿಪುಣೆ. ಒಡೆಯರ ಮನೆಯವರ ಉಡುಪುಗಳನ್ನೂ ಗುಲಾಮರ ಬಟ್ಟೆಗಳನ್ನೂ ಅವಳೇ ಹೊಲಿಯುತ್ತಿದ್ದಳು. ಮಗಳಿಗೆ ಬಿಟ್ಟುಹೋಗಲು ಹೊಲ ಮನೆಗಳಿಲ್ಲದ ಆ ತಾಯಿಯು ತನಗೆ ಬಂದ ವಿದ್ಯೆಯನ್ನೇ ಬಳುವಳಿಯಾಗಿ ಕೊಟ್ಟಳು.

ನಾಲ್ಕು ವರ್ಷದ ಹುಡುಗಿಗೆ ಒಡತಿಯ ಕೂಸನ್ನು ತೂಗುವ ಕೆಲಸವು ಬಿದ್ದಿತು. ಒಂದು ದಿನ ತೊಟ್ಟಿಲನ್ನು ಜೋರಾಗಿ ತೂಗಲು ಕೂಸು ನೆಲಕ್ಕೆ ಉರುಳಿತು. ಏನು ಮಾಡಬೇಕೆಂದು ತೋರದೆ ಆಕೆಯು ಒಲೆಯ ಬೂದಿ ತೆಗೆಯುವ ಸಲಿಕೆಯಿಂದ ಅದನ್ನು ಎತ್ತಲು ಹೊರಟಳು. ಅದಕ್ಕಾಗಿ ಆ ದಿನ ತಿಂದ ಛಡಿಯ ಏಟುಗಳೇ ಆಕೆಯ ಬಾಳಿನ ಮೊದಲ ಶಿಕ್ಷೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ಆಕೆಯನ್ನು ಯಜಮಾನನ ಹಿರಿಯ ಮಗನ ಮನೆಗೆ ಕಳುಹಿಸಿದರು. ಅವನು ಸಭೆಯ ಬೋಧಕನು. ಮುಂದೆ ಆ ಕುಟುಂಬವು ಉತ್ತರ ಕೆರೊಲಿನಾದ ಹಿಲ್ಸ್‌ಬರೊ ಊರಿನಲ್ಲಿ ನೆಲೆಸಿತು; ೧೮೩೭ರಲ್ಲಿ ಅವನ ಪತ್ನಿಯು ಅಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಪಾಠಶಾಲೆಯನ್ನು ತೆರೆದಳು. ಶಾಲೆಯಲ್ಲಿ ಕುಳಿತು ಇದನ್ನು ಓದುವ ನಾವು ಈ ಸಂಗತಿಯನ್ನು ಮರೆಯಬಾರದು. ಒಂದೇ ಮಾಡಿನ ಕೆಳಗೆ ಬಿಳಿಯರ ಹೆಣ್ಣುಮಕ್ಕಳು ಪುಸ್ತಕ ಹಿಡಿದು ಕುಳಿತಿರುವಾಗ, ಅವರ ವಯಸ್ಸಿಗೆ ಹತ್ತಿರದವಳಾದ ಎಲಿಜಬೆತ್ತಳು ಆ ಮನೆಯ ಚಾಕರಿಯಲ್ಲಿ ಸವೆಯುತ್ತಿದ್ದಳು. ಆಕೆಯ ಗರ್ವವನ್ನು ಮುರಿಯಬೇಕೆಂದು ಆ ಊರಿನ ಒಬ್ಬ ಉಪಾಧ್ಯಾಯನಿಂದ ಹೊಡೆಸಿದರು. ತಪ್ಪೇನೆಂದು ಕೇಳಿದರೆ ಉತ್ತರವಿಲ್ಲ. ಆಕೆಯು ಕೈಲಾದಷ್ಟು ಎದುರಿಸಿದಳು. ಹಲವು ಬಾರಿ ಹೊಡೆದ ಮೇಲೆ ಆ ಮನುಷ್ಯನೇ ಕಣ್ಣೀರಿಟ್ಟು, ಇನ್ನು ಮುಂದೆ ಹೊಡೆಯುವುದು ಪಾಪವೆಂದು ಬಿಟ್ಟುಬಿಟ್ಟನು. ಅದೇ ಊರಿನ ಒಬ್ಬ ಬಿಳಿಯನು ಆಕೆಯನ್ನು ಕೆಲವು ವರ್ಷ ಬಲಾತ್ಕಾರದಿಂದ ಹಿಂಸಿಸಿದನು. ಅದರಿಂದ ಹುಟ್ಟಿದ ಗಂಡುಮಗುವಿಗೆ ಆಕೆಯು ಜಾರ್ಜ್ ಎಂದು ಹೆಸರಿಟ್ಟು, ನಿರಪರಾಧಿಯಾದ ಆ ಕೂಸನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದಳು.

ಮುಂದೆ ಆಕೆಯು ಯಜಮಾನನ ಮಗಳಾದ ಗಾರ್ಲಂಡ್ ದೊರೆಸಾನಿಯ ಪಾಲಿಗೆ ಬಂದಳು. ೧೮೪೭ರ ಸುಮಾರಿಗೆ ಆ ಕುಟುಂಬವು ಮಿಸೌರಿಯ ಸೇಂಟ್ ಲೂಯಿಸ್ ನಗರಕ್ಕೆ ಹೋಯಿತು. ಗಾರ್ಲಂಡನು ವಕೀಲನಾಗಿದ್ದರೂ ಅವನ ಕೈ ಬರಿದಾಗಿದ್ದಿತು. ಬೇರೆ ದಾರಿ ಕಾಣದೆ, ಮುದುಕಿಯಾದ ಆಗ್ನೆಸಳನ್ನು ಅನ್ಯರ ಮನೆಯ ಚಾಕರಿಗೆ ಕಳುಹಿಸಿ ಅವಳ ಕೂಲಿಯಿಂದ ಸಂಸಾರ ಸಾಗಿಸುವ ಯೋಚನೆಯನ್ನು ಮಾಡಿದರು. ಎಲಿಜಬೆತ್ತಳು ಇದನ್ನು ತಡೆದು, ತಾಯಿಯ ಬದಲು ತಾನೇ ಹೊರಗಿನವರಿಗೆ ಹೊಲಿದು ಸಂಪಾದಿಸುವುದಾಗಿ ಮುಂದೆ ಬಂದಳು. ಸ್ವಲ್ಪ ಕಾಲದಲ್ಲಿಯೇ ಆ ನಗರದ ಸಿರಿವಂತ ಸ್ತ್ರೀಯರು ಆಕೆಯ ಕೈಕೆಲಸವನ್ನು ಹುಡುಕಿಕೊಂಡು ಬಂದರು. ಎರಡು ವರ್ಷ ಐದು ತಿಂಗಳ ಕಾಲ ಹದಿನೇಳು ಮಂದಿಯ ಹೊಟ್ಟೆಯನ್ನು ಆ ಒಂದು ಸೂಜಿಯು ಹೊರೆಯಿತು. ಅಷ್ಟು ಮಂದಿಗೆ ಅನ್ನವಿಟ್ಟವಳಿಗೆ ತನ್ನ ಶರೀರದ ಮೇಲೆ ಅಧಿಕಾರವಿರಲಿಲ್ಲ.

ಆಕೆಯ ಹೊಲಿಗೆಯ ಹೆಚ್ಚಳವೇನೆಂಬುದನ್ನು ಇಲ್ಲಿ ತಿಳಿಯಬೇಕು. ಎಲಿಯಾಸ್ ಹೋವ್ ಎಂಬವನು ಹೊಲಿಗೆಯ ಯಂತ್ರಕ್ಕೆ ಸನ್ನದು ಪಡೆದುದು ೧೮೪೬ರಲ್ಲಿ. ಅದು ಮನೆಮನೆಗೆ ಬರಲು ಇನ್ನೂ ಕಾಲವಿದ್ದಿತು. ಬೇರೆ ಬೇರೆ ಅಳತೆಗಳಲ್ಲಿ ಕತ್ತರಿಸಿದ ಕಾಗದದ ನಮೂನೆಗಳನ್ನು ಬಟರಿಕ್ ಎಂಬವನು ಮಾರತೊಡಗಿದುದು ೧೮೬೩ರಲ್ಲಿ. ಆದುದರಿಂದ ನಮೂನೆಯನ್ನು ಹೊಲಿಯುವವಳೇ ಕಲ್ಪಿಸಬೇಕಾಗಿದ್ದಿತು. ಅಂದಿನ ಉಡುಪಿನ ಮೇಲ್ಭಾಗವು ಮೈಗೆ ಚರ್ಮದಂತೆ ಅಂಟಿರಬೇಕು. ಸೊಂಟದ ಕೆಳಗೆ ಗಜಗಟ್ಟಲೆ ಬಟ್ಟೆಯು ನೆರಿಗೆ ನೆರಿಗೆಯಾಗಿ ಇಳಿಯಬೇಕು. ನಿಪುಣರಾದವರು ಕೊರಳು, ಹೆಗಲು, ಎದೆ, ಬೆನ್ನು, ಸೊಂಟಗಳ ಅಳತೆಯನ್ನು ತೆಗೆದು, ಮೊದಲು ಅಗ್ಗದ ಅಸ್ತರಿನ ಬಟ್ಟೆಯನ್ನು ಕತ್ತರಿಸಿ, ಮೈಮೇಲೆ ಗುಂಡುಸೂಜಿಗಳಿಂದ ಸರಿಪಡಿಸಿ, ಆಮೇಲೆ ಬೆಲೆಯುಳ್ಳ ರೇಶ್ಮೆಗೆ ಕತ್ತರಿಯನ್ನು ಹಚ್ಚುವರು. ಅಳತೆ ತಪ್ಪಿದರೆ ಬಟ್ಟೆಯೂ ಹಾಳು, ಹೆಸರೂ ಹಾಳು. ಎಲಿಜಬೆತ್ತಳು ಕತ್ತರಿಸುವುದಕ್ಕೂ ಮೈಗೆ ಕೂಡಿಸುವುದಕ್ಕೂ ತನ್ನದೇ ಆದ ಒಂದು ಕ್ರಮವನ್ನು ಬಳಕೆಗೆ ತಂದುಕೊಂಡಿದ್ದಳು. ಆಕೆಯ ಉಡುಪು ಮೈಗೆ ಕೂಡುತ್ತಿದ್ದ ಬಗೆಯಿಂದಲೇ ಹೆಸರು ಬಂದಿತು.

ತನ್ನ ಮತ್ತು ಮಗನ ಬಿಡುಗಡೆಗೆ ಕ್ರಯವೆಷ್ಟೆಂದು ಆಕೆಯು ಗಾರ್ಲಂಡನನ್ನು ಕೇಳಿದಳು. ಅವನು ಮೊದಲು ಸಿಟ್ಟಾದನು. ಮತ್ತೊಮ್ಮೆ ಕೇಳಿದಾಗ ಒಂದು ಬೆಳ್ಳಿಯ ನಾಣ್ಯವನ್ನು ಕೈಗಿತ್ತು, ಹೋಗಬೇಕೆಂದಿದ್ದರೆ ಇದನ್ನು ಕೊಟ್ಟು ದೋಣಿ ಹತ್ತಬಹುದೆಂದು ಸೂಚಿಸಿದನು. ಮಿಸಿಸಿಪ್ಪಿ ನದಿಯ ಆಚೆಯ ದಡವು ದಾಸ್ಯವಿಲ್ಲದ ಸೀಮೆ. ಆಕೆಯು ನಾಣ್ಯವನ್ನು ಹಿಂದಿರುಗಿಸಿದಳು. ದೋಣಿಯ ದಾರಿ ತಿಳಿಯದವಳಲ್ಲ. ಆದರೆ ಕಾಯಿದೆಯ ಪ್ರಕಾರ ಬಿಡುಗಡೆಯನ್ನು ಪಡೆದು, ಹಗಲಿನಲ್ಲಿ ತಲೆಯೆತ್ತಿ ನಡೆಯಬೇಕೆಂಬುದು ಆಕೆಯ ಸಂಕಲ್ಪ. ಕಡೆಗೆ ಇಬ್ಬರಿಗೂ ಸೇರಿ ೧೨೦೦ ಡಾಲರುಗಳೆಂದು ಕ್ರಯವು ಗೊತ್ತಾಯಿತು. ಈ ನಡುವೆ ಜೇಮ್ಸ್ ಕೆಕ್ಲಿ ಎಂಬವನನ್ನು ಮದುವೆಯಾದಳು. ತಾನು ಸ್ವತಂತ್ರನೆಂದು ಹೇಳಿಕೊಂಡಿದ್ದ ಅವನು ಗುಲಾಮನೂ ಕುಡುಕನೂ ಆಗಿದ್ದನು. ಅವನ ಭಾರವೂ ಸೂಜಿಯ ಮೇಲೆಯೇ ಬಿದ್ದಿತು. ಸಂಸಾರವನ್ನು ಸಾಗಿಸುತ್ತ ಅಷ್ಟು ಹಣವನ್ನು ಕೂಡಿಡುವುದು ಅಸಾಧ್ಯವಾಯಿತು.

ಹಣವನ್ನು ಬೇಡಲು ನ್ಯೂಯಾರ್ಕಿಗೆ ಹೋಗುವೆನೆಂದಾಗ, ಹಿಂದಿರುಗಿ ಬರುವಳೆಂದು ಆರು ಮಂದಿ ಗೃಹಸ್ಥರು ಹೊಣೆಪತ್ರಕ್ಕೆ ರುಜು ಹಾಕಬೇಕೆಂದು ಒಡತಿಯು ಹೇಳಿದಳು. ಐದು ಮಂದಿಯ ರುಜುಗಳು ದೊರೆತುವು. ಆರನೆಯವನು, ಈಕೆಯು ಹೋದರೆ ಮರಳಿ ಬಾರಳೆಂದು ಮನಸ್ಸಿನಲ್ಲಿಯೇ ನಂಬಿದ್ದನು. ತನ್ನ ಮಾತಿನಲ್ಲಿ ವಿಶ್ವಾಸವಿಲ್ಲದವನ ರುಜು ತನಗೆ ಬೇಡವೆಂದು ಆಕೆಯು ಪ್ರಯಾಣವನ್ನೇ ಬಿಟ್ಟಳು. ಆಗ, ಆಕೆಯಿಂದ ಹೊಲಿಸಿಕೊಳ್ಳುತ್ತಿದ್ದ ಲೆಬರ್ಜ್ವಾ ಎಂಬ ದೊರೆಸಾನಿಯು ತನ್ನ ಗೆಳತಿಯರಿಂದ ಹಣವನ್ನು ಕೂಡಿಸಿಕೊಟ್ಟಳು. ೧೮೫೫ರ ನವೆಂಬರಿನಲ್ಲಿ ತಾಯಿ ಮಕ್ಕಳು ಸ್ವತಂತ್ರರಾದರು. ಕೊಟ್ಟವರು ದಾನವೆಂದು ಕೊಟ್ಟರೂ ಆಕೆಯು ಸಾಲವೆಂದೇ ಪಡೆದಳು. ಹಗಲಿರುಳು ಹೊಲಿದು ಪೂರ್ತಿಯಾಗಿ ತೀರಿಸಿದಳು.

೧೮೬೦ರಲ್ಲಿ ಗಂಡನನ್ನು ಅಗಲಿ ಬಾಲ್ಟಿಮೋರಿಗೆ ಬಂದು, ತನ್ನ ಕತ್ತರಿಸುವ ಕ್ರಮವನ್ನು ಕರಿಯರ ಹುಡುಗಿಯರಿಗೆ ಕಲಿಸುವ ತರಗತಿಯನ್ನು ತೆರೆಯಲು ಯತ್ನಿಸಿದಳು. ಅದು ಕೈಗೂಡಲಿಲ್ಲ. ಆರು ವಾರಗಳ ಮೇಲೆ ವಾಷಿಂಗ್‌ಟನ್ನಿಗೆ ಹೊರಟಾಗ ಕೈಯಲ್ಲಿ ದಾರಿಯ ಖರ್ಚಿಗಿಂತ ಹೆಚ್ಚು ಉಳಿದಿರಲಿಲ್ಲ. ರಾಜಧಾನಿಯಲ್ಲಿ ನೆಲಸಲು ಸ್ವತಂತ್ರರಾದ ಕರಿಯರಿಗೂ ಪರವಾನಗಿ ಬೇಕಾಗಿದ್ದಿತು. ಪರಿಚಿತಳೊಬ್ಬಳ ನೆರವಿನಿಂದ ಅದು ದೊರೆಯಿತು. ಮೊದಲು ದಿನಕ್ಕೆ ಎರಡೂವರೆ ಡಾಲರಿನ ಕೂಲಿಗೆ ಹೊಲಿದಳು. ಅನಂತರ, ವೇಲ್ಸಿನ ರಾಜಕುಮಾರನ ಗೌರವಾರ್ಥವಾದ ಔತಣಕ್ಕೆ ಹೋಗಲಿದ್ದ ಸೇನಾಧಿಕಾರಿಯೊಬ್ಬನ ಪತ್ನಿಗೆ ಮಾಡಿಕೊಟ್ಟ ರೇಶ್ಮೆಯ ಉಡುಪು ಆಕೆಯ ಕೀರ್ತಿಯನ್ನು ಹರಡಿತು. ಜೆಫರ್ಸನ್ ಡೇವಿಸನ ಪತ್ನಿಯೂ ಆಕೆಯಿಂದ ಹೊಲಿಸಿದಳು. ದಾಸ್ಯವನ್ನು ಬಿಡಲೊಲ್ಲದ ದಕ್ಷಿಣ ಸಂಸ್ಥಾನಗಳು ಸಿಡಿದು ಬೇರೆಯಾದಾಗ ಅವುಗಳಿಗೆ ಅಧ್ಯಕ್ಷನಾದವನು ಈ ಡೇವಿಸನೇ. ತಮ್ಮೊಡನೆ ದಕ್ಷಿಣಕ್ಕೆ ಬರಬೇಕೆಂದು ಅವನ ಪತ್ನಿಯು ಕರೆದಳು, ಎಲಿಜಬೆತ್ತಳು ಹೋಗಲಿಲ್ಲ. ಯುದ್ಧವು ಮುಗಿದ ಮೇಲೆ, ೧೮೬೫ರಲ್ಲಿ, ಚಿಕಾಗೋ ನಗರದ ಒಂದು ಪ್ರದರ್ಶನದಲ್ಲಿ ಡೇವಿಸನ ಮೇಣದ ಗೊಂಬೆಯನ್ನು ನಿಲ್ಲಿಸಿದ್ದರು. ಅವನು ಸೆರೆಸಿಕ್ಕಾಗ ತೊಟ್ಟಿದ್ದನೆನ್ನಲಾದ ಹೆಣ್ಣುಡುಪು ಅದರ ಮೇಲಿದ್ದಿತು. ಆ ಹೂವಚ್ಚಿನ ಚೀಟಿ ಬಟ್ಟೆಯ ನಿಲುವಂಗಿಯು ಡೇವಿಸನ ಪತ್ನಿಗಾಗಿ ತಾನೇ ಹೊಲಿದುದೆಂದು ಎಲಿಜಬೆತ್ತಳು ಕಂಡೊಡನೆ ಗುರುತಿಸಿದಳು.

೧೮೬೧ರ ಮಾರ್ಚಿಯಲ್ಲಿ ಲಿಂಕನನು ಅಧ್ಯಕ್ಷಪದವಿಯನ್ನೇರಿದ ಮರುದಿನ, ಶ್ವೇತಭವನಕ್ಕೆ ಬಂದಿದ್ದ ನಾಲ್ವರು ಹೊಲಿಗೆಯವರಲ್ಲಿ ಲಿಂಕನ್ ದೊರೆಸಾನಿಯು ಈಕೆಯನ್ನೇ ಆರಿಸಿದಳು. ಮೊದಲ ಉಡುಪು ಅಲೆಯಲೆಯಾಗಿ ಹೊಳೆಯುವ ಗುಲಾಬಿ ಬಣ್ಣದ ರೇಶ್ಮೆಯದು. ಆ ವಸಂತದಿಂದ ಬೇಸಗೆಯ ಮೊದಲವರೆಗೆ ಹದಿನೈದು ಹದಿನಾರು ಉಡುಪುಗಳು ಸಿದ್ಧವಾದುವು. ಒಂದೇ ಲಂಗಕ್ಕೆ ಹಗಲಿಗೊಂದು, ರಾತ್ರಿಗೊಂದು ಕುಪ್ಪಸವುಳ್ಳ, ಬಿಳಿಯ ಸ್ಯಾಟಿನಿನ ಅಂಚು ಕಟ್ಟಿದ ನೇರಳೆ ಮಖಮಲ್ಲಿನ ಉಡುಪೊಂದು ವಾಷಿಂಗ್‌ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅದು ಈಕೆಯದೇ ಕೈಕೆಲಸವೆಂದು ನಂಬಿಕೆ.

ಹೊರಗೆ ಕೀರ್ತಿಯು ಬೆಳೆಯುತ್ತಿದ್ದಂತೆ ಮನೆಯೊಳಗೆ ಕತ್ತಲೆಯು ಕವಿಯಿತು. ಯಾರಿಗಾಗಿ ಆ ೧೨೦೦ ಡಾಲರುಗಳನ್ನು ದುಡಿದಳೋ ಆ ಮಗನು ದಂಡಿಗೆ ಸೇರಿ, ೧೮೬೧ರ ಆಗಸ್ಟಿನಲ್ಲಿ ಮಿಸೌರಿಯ ವಿಲ್ಸನ್ಸ್ ಕ್ರೀಕ್ ಕಾಳಗದಲ್ಲಿ ಮಡಿದನು. ಮರುವರ್ಷದ ಫೆಬ್ರವರಿಯಲ್ಲಿ ಲಿಂಕನನ ಮಗನಾದ ವಿಲ್ಲಿಯು ಜ್ವರದಿಂದ ತೀರಿಕೊಂಡಾಗ, ಆ ಬಾಲಕನ ಮೈತೊಳೆದು ಬಟ್ಟೆ ತೊಡಿಸಿದವಳು ಮಗನನ್ನು ಕಳೆದುಕೊಂಡಿದ್ದ ಈ ತಾಯಿಯೇ. ದುಃಖವು ಆಕೆಯ ಕೈಗಳನ್ನು ಕಟ್ಟಲಿಲ್ಲ. ದಾಸ್ಯದಿಂದ ತಪ್ಪಿಸಿಕೊಂಡು ರಾಜಧಾನಿಗೆ ಬಂದು, ಅನ್ನ ಬಟ್ಟೆಗಳಿಲ್ಲದೆ ನರಳುತ್ತಿದ್ದ ಜನರಿಗಾಗಿ ಆ ೧೮೬೨ರಲ್ಲಿಯೇ ನಲವತ್ತು ಮಂದಿ ಸದಸ್ಯರ ಒಂದು ಸಹಾಯಸಂಘವನ್ನು ಕಟ್ಟಿದಳು. ಲಿಂಕನ್ ದೊರೆಸಾನಿಯು ೨೦೦ ಡಾಲರುಗಳನ್ನು ಕೊಟ್ಟು ಚಂದಾಪಟ್ಟಿಗೆ ಮೊದಲ ಹೆಸರಾದಳು.

೧೮೬೫ರ ಏಪ್ರಿಲಿನಲ್ಲಿ ಲಿಂಕನನು ಕೊಲೆಯಾದಾಗ ಆ ವಿಧವೆಯು ಬಯಸಿದುದು ಎಲಿಜಬೆತ್ತಳ ಸನ್ನಿಧಿಯನ್ನು. ಎರಡು ವರ್ಷಗಳ ಮೇಲೆ ಸಾಲದಿಂದ ಪೀಡಿತಳಾದ ಆಕೆಯು ಹಳೆಯ ಉಡುಪುಗಳನ್ನು ನ್ಯೂಯಾರ್ಕಿನಲ್ಲಿ ಮಾರಲು ಯತ್ನಿಸಿ ಲೋಕದ ನಗೆಗೆ ಗುರಿಯಾದಳು. ಆಗಲೂ ಎಲಿಜಬೆತ್ತಳು ತನ್ನ ಕೆಲಸವನ್ನು ಬಿಟ್ಟು ಜೊತೆಗಿದ್ದಳು. ೧೮೬೮ರಲ್ಲಿ ತನ್ನ ಆತ್ಮಚರಿತ್ರೆಯನ್ನು ಪ್ರಕಟಿಸಿದಳು. ದೊರೆಸಾನಿಯ ಮೇಲಿನ ನಿಂದೆಯನ್ನು ತೊಳೆಯುವುದು ಆಕೆಯ ಉದ್ದೇಶ; ಆದರೆ ಅದರಲ್ಲಿ ದೊರೆಸಾನಿಯ ಖಾಸಗಿ ಕಾಗದಗಳೂ ಅಚ್ಚಾಗಿದ್ದುವು. ಸ್ನೇಹವು ಮುರಿಯಿತು; ಹೊಲಿಸಿಕೊಳ್ಳುವವರು ಕಡಿಮೆಯಾದರು. ಒಳ್ಳೆಯದನ್ನು ಬಯಸಿದವಳಿಂದಲೂ ತಪ್ಪು ನಡೆಯಬಹುದೆಂಬುದಕ್ಕೆ ಇದು ಸಾಕ್ಷಿ. ಆ ತಪ್ಪಿಗೆ ಆಕೆಯು ತೆತ್ತ ಬೆಲೆಯು ದೊಡ್ಡದು.

ಆದರೂ ಬಾಲ್ಟಿಮೋರಿನಲ್ಲಿ ಕೈಗೂಡದೆ ಹೋದ ಆಸೆಯು ಮುಪ್ಪಿನಲ್ಲಿ ಫಲಿಸಿತು. ೧೮೯೨ರಲ್ಲಿ, ಎಪ್ಪತ್ತನ್ನು ದಾಟಿದ್ದ ಆಕೆಯನ್ನು ಒಹಾಯೋದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದವರು ಹೊಲಿಗೆ ಮತ್ತು ಗೃಹವಿದ್ಯೆಯ ವಿಭಾಗಕ್ಕೆ ಮುಖ್ಯೋಪಾಧ್ಯಾಯಿನಿಯಾಗಿ ಕರೆದರು. ಅದು ಆಕೆಯ ಮಗನು ಓದಿದ ಸ್ಥಳ. ೧೮೯೩ರ ಚಿಕಾಗೋ ವಿಶ್ವಪ್ರದರ್ಶನದಲ್ಲಿ ಆ ವಿಭಾಗದ ಕೆಲಸವನ್ನು ಲೋಕದ ಮುಂದಿಟ್ಟಳು. ಆರೋಗ್ಯವು ಕೆಡಲು ವಾಷಿಂಗ್‌ಟನ್ನಿಗೆ ಮರಳಿ, ನಿರ್ಗತಿಕ ಸ್ತ್ರೀಯರ ಮತ್ತು ಮಕ್ಕಳ ಆಶ್ರಮವೊಂದರಲ್ಲಿ ೧೯೦೭ರ ಮೇ ತಿಂಗಳಲ್ಲಿ ಕಣ್ಣು ಮುಚ್ಚಿದಳು. ಮುಂದೆ ಆ ಸ್ಮಶಾನವನ್ನೇ ಬೇರೆಡೆಗೆ ಸಾಗಿಸಿದಾಗ ಆಕೆಯ ಸಮಾಧಿಯು ಗುರುತಿಲ್ಲದೆ ಹೋಯಿತು. ೨೦೧೦ರಲ್ಲಿ ಅಲ್ಲಿ ಒಂದು ಕಲ್ಲನ್ನು ನಿಲ್ಲಿಸಿದರು.

ಒಹಾಯೋದ ಕೆಂಟ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಒಂದು ರೇಶ್ಮೆಯ ಕೌದಿ ಇದೆ. ಲಿಂಕನ್ ದೊರೆಸಾನಿಯ ಉಡುಪುಗಳನ್ನು ಕತ್ತರಿಸುವಾಗ ಉಳಿದ ಚೂರುಗಳನ್ನು ಜೋಡಿಸಿ ಕೆಕ್ಲಿಯು ಅದನ್ನು ಹೊಲಿದಳೆಂದು ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ನಮ್ಮ ಅಜ್ಜಿಯಂದಿರು ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯನ್ನು ಹೊದೆದು ಮಲಗಿದವರಿಗೆ ಅದರ ಬೆಲೆಯನ್ನು ಬೇರೆ ತಿಳಿಸಬೇಕಾಗಿಲ್ಲ. ಅದರ ನಡುವೆ ಒಂದು ಹದ್ದಿನ ಚಿತ್ರವಿದೆ. ಕೆಳಗೆ ಸ್ವಾತಂತ್ರ್ಯವೆಂಬ ಅರ್ಥದ ಒಂದೇ ಮಾತನ್ನು ದಾರದಿಂದ ಬರೆದಿದೆ. ಆ ಮಾತಿನ ಕ್ರಯವನ್ನು ಹೊಲಿಗೆ ಹೊಲಿಗೆಯಾಗಿ ತೆತ್ತವಳು ಅವಳು. ಸೋದರಿಯರೇ, ನಾಳಿನ ಪಾಠದಲ್ಲಿ ದಾರವು ಗಂಟುಬಿದ್ದು ಬೇಸರವು ಬಂದಾಗ, ಹದಿನೇಳು ಮಂದಿಗಾಗಿ ಇರುಳೆಲ್ಲ ಹೊಲಿದ ಆ ಕೈಗಳನ್ನು ನೆನೆದು, ಗಂಟನ್ನು ಬಿಡಿಸಿ ಮತ್ತೆ ಸೂಜಿಯನ್ನು ಪೋಣಿಸೋಣ.