ಕಡ್ಡಿ ಗಾಲಿಯ ಜೇಮ್ಸ್ ಸ್ಟಾರ್ಲಿ

ನಾವು ನಾಲ್ಕು ಮಂದಿ ಸೆಕೆಂಡ್ ಇಯರ್ ಮೆಕ್ಯಾನಿಕಲ್‌ನವರು. ಒಬ್ಬ ಬೆಟಗೇರಿಯವ, ಒಬ್ಬ ಲಕ್ಷ್ಮೇಶ್ವರದವ, ಒಬ್ಬ ಶಿರಹಟ್ಟಿಯವ, ಇನ್ನೊಬ್ಬ ಮುಂಡರಗಿಯವ. ಇಂಗ್ಲಿಷ್ ಮೀಡಿಯಂನಾಗ ಕಲಿತವರು, ಹಿಂಗಾಗಿ ಕನ್ನಡದಾಗ ತಪ್ಪಿದ್ರ ಹೊಟ್ಯಾಗ ಹಾಕ್ಕೊಳ್ರಿ. ಈ ಸಲ ಜೇಮ್ಸ್ ಸ್ಟಾರ್ಲಿ ಅನ್ನೋ ಮನುಷ್ಯನ ಜೀವನ ಬರೀತೀವಿ. ಆದರೆ ಆತ ನಮಗೆ ಹೆಂಗ ಗೊತ್ತಾದ ಅನ್ನೋದನ್ನ ಮೊದಲು ಹೇಳಬೇಕು.

ಫೆಸ್ಟ್‌ನ ಬೈಕ್ ಶೋಗೆ ನಾವು ಒಂದು ಹಳೇ ಬುಲೆಟ್ ರೆಡಿ ಮಾಡಿದ್ವಿ. ನೀವೂ ಮೊಬೈಲ್‌ನಾಗ ನೋಡಿರ್ತೀರಿ: 80 ಕಡ್ಡಿ, 120 ಕಡ್ಡಿಯ ಕ್ರೋಮ್ ಗಾಲಿ, ಕಾರಿನಷ್ಟು ಅಗಲದ ಟೈರ್, ನಡುವೆ ಹಬ್ಬೇ ಇಲ್ಲದ ಗಾಲಿ. ನಮಗೂ ಅಂಥದ್ದೊಂದು ಬೇಕಿತ್ತು. ದುಡ್ಡು ಕೂಡಿಸಿ ಮುಂದಿನ ಗಾಲಿಗೆ ಸೂರ್ಯನ ಕಿರಣದ ಹಂಗ ಹಬ್‌ನಿಂದ ರಿಮ್‌ಗೆ ನೇರವಾಗಿ ತೆಳ್ಳನೆ ಕಡ್ಡಿ ಹಾಕಿಸಿದ್ವಿ. ಶೋದಾಗ ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ್ರು. ಮರುದಿನ ಅದೇ ಗಾಡಿ ಮೇಲೆ ಇಬ್ಬರು ಗದಗದಿಂದ ಲಕ್ಷ್ಮೇಶ್ವರಕ್ಕೆ ಹೊರಟಾಗ ಮುಳಗುಂದದ ಹತ್ತಿರ ಕುರಿ ಅಡ್ಡ ಬಂದವು. ಮುಂದಿನ ಬ್ರೇಕ್ ಹಿಡಿದ ಕೂಡಲೇ ಕಡ್ಡಿಗಳು ಟಪಟಪ ಕಡಿದು ಗಾಲಿ ಹಪ್ಪಳದ ಹಂಗ ಸೊಟ್ಟ ಆಯ್ತು. ಲಕ್ಷ್ಮೇಶ್ವರದ ಗೆಳೆಯನ ಕೈಗೆ ಎರಡು ತಿಂಗಳು ಪ್ಲಾಸ್ಟರ್. ಅವರ ಅಪ್ಪಾರು ಇನ್ನೂ ನಮ್ಮ ಜೊತೆ ಸರಿಯಾಗಿ ಮಾತಾಡೋದಿಲ್ಲ.

ಬೆಟಗೇರಿಯ ಒಬ್ಬ ಹಿರಿಯ ಮೇಸ್ತ್ರಿ ಗಾಲಿಯನ್ನ ತಿರುಗಿಸಿ ನೋಡಿ, ಕಡ್ಡಿ ಒಂದರ ಮೇಲೊಂದು ಯಾಕೆ ಹಾಯ್ದಿಲ್ಲ ಅಂತ ಕೇಳಿದ್ರು. ಎರಡು ಸೆಮಿಸ್ಟರ್ ಮೆಕ್ಯಾನಿಕ್ಸ್ ಓದಿದ ನಮ್ಮ ನಾಲ್ವರ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕಿಕೊಂಡು ಹೋದಾಗ ಸಿಕ್ಕವನೇ ಸ್ಟಾರ್ಲಿ.

ಸ್ಟಾರ್ಲಿ ಹುಟ್ಟಿದ್ದು 1830ರಲ್ಲಿ, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಆಲ್ಬೋರ್ನ್ ಎಂಬ ಹಳ್ಳಿಯಲ್ಲಿ. ಅಪ್ಪ ರೈತ. ಹುಡುಗ ಸಣ್ಣವನಿದ್ದಾಗಲೇ ಹೊಲದ ಕೆಲಸಕ್ಕೆ ಬಿದ್ದ. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ, ಛತ್ರಿಯ ಕಡ್ಡಿ ಬಳಸಿ ಇಲಿ ಹಿಡಿಯುವ ಬೋನು ಮಾಡಿದ್ದನಂತೆ. ಹರೆಯದಲ್ಲಿ ಮನೆ ಬಿಟ್ಟು ಲಂಡನ್ ಕಡೆ ಓಡಿಹೋದ. ಅಲ್ಲಿ ಜಾನ್ ಪೆನ್ ಎಂಬ ಹೆಸರಾಂತ ಹಡಗು ಎಂಜಿನ್ ತಯಾರಕನ ಮನೆಯಲ್ಲಿ ತೋಟದ ಮಾಲಿಯಾದ. ಬಿಡುವಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ.

ಪೆನ್ ಮನೆಗೆ ಒಂದು ಹೊಲಿಗೆ ಯಂತ್ರ ಬಂತು. ಆಗಿನ ಕಾಲಕ್ಕೆ ಅದು ಭಾಳ ದುಬಾರಿ ವಸ್ತು. ಅದು ಕೆಟ್ಟು ನಿಂತಾಗ ಬಿಚ್ಚಿ ಸರಿ ಮಾಡಿದವ ಈ ಮಾಲಿ. ಸರಿ ಮಾಡಿದ್ದಷ್ಟೇ ಅಲ್ಲ, ಅದನ್ನ ಹೆಂಗ ಸುಧಾರಿಸಬಹುದು ಅಂತಲೂ ಯೋಚಿಸಿದ. ಪೆನ್ ಈತನನ್ನು ಆ ಯಂತ್ರದ ಕಂಪನಿಯ ಪಾಲುದಾರ ಜೋಸಾಯ ಟರ್ನರ್‌ಗೆ ಪರಿಚಯಿಸಿದ. 1861ರ ಸುಮಾರಿಗೆ ಟರ್ನರ್ ಮತ್ತು ಸ್ಟಾರ್ಲಿ ಕೊವೆಂಟ್ರಿ ಎಂಬ ಊರಿಗೆ ಹೋಗಿ ಹೊಲಿಗೆ ಯಂತ್ರದ ಕಾರ್ಖಾನೆ ಶುರು ಮಾಡಿದರು.

ಕೊವೆಂಟ್ರಿ ಅಂದ್ರ ಆಗ ನಮ್ಮ ಬೆಟಗೇರಿ ಇದ್ದಂಗ, ನೇಕಾರರ ಊರು. ಅಲ್ಲಿ ರೇಷ್ಮೆ ರಿಬ್ಬನ್ ನೇಯುತ್ತಿದ್ದರು. 1860ರಲ್ಲಿ ಫ್ರಾನ್ಸ್ ಜೊತೆ ವ್ಯಾಪಾರದ ಒಪ್ಪಂದ ಆಗಿ ಅಲ್ಲಿನ ಅಗ್ಗದ ರಿಬ್ಬನ್ ಬಂದು ತುಂಬಿದ ಮೇಲೆ ಸಾವಿರಾರು ಮಂದಿಯ ಮಗ್ಗ ನಿಂತುಹೋದವು. ಮಗ್ಗದ ಸದ್ದು ಕೇಳ್ತಾ ಬೆಳೆದ ನಮ್ಮ ಬೆಟಗೇರಿ ಗೆಳೆಯ ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನಾದ.

1868ರಲ್ಲಿ ಟರ್ನರ್‌ನ ಸಂಬಂಧಿ ಯುವಕನೊಬ್ಬ ಪ್ಯಾರಿಸ್‌ನಿಂದ ಒಂದು ವೆಲೊಸಿಪೀಡ್ ತಂದ. ಮುಂದಿನ ಗಾಲಿಗೇ ಪೆಡಲ್ ಇದ್ದ, ಮರದ ಗಾಲಿಯ ಭಾರವಾದ ಸೈಕಲ್ ಅದು. ಸ್ಟಾರ್ಲಿ ಅದನ್ನ ನೋಡಿದ ಕೂಡಲೇ ಅದರ ಭಾರದ ಬಗ್ಗೆ ಚಿಂತಿಸತೊಡಗಿದ. ಕಂಪನಿ ಹೊಲಿಗೆ ಯಂತ್ರದ ಜೊತೆಗೆ ಸೈಕಲ್ಲೂ ಮಾಡತೊಡಗಿತು.

ಇಲ್ಲಿ ಸ್ವಲ್ಪ ಮೆಕ್ಯಾನಿಕ್ಸ್ ಬೇಕು. ನಮ್ಮ ಚಕ್ಕಡಿ ಗಾಲಿ ನೋಡ್ರಿ. ಭಾರವೆಲ್ಲಾ ನಡುವಿನ ದಿಂಡಿನಿಂದ ಕೆಳಗಿನ ಮರದ ಅರಗಳ ಮೇಲೆ ಕಂಪ್ರೆಶನ್ ಆಗಿ ಬೀಳುತ್ತದೆ, ಅದಕ್ಕೇ ಅವು ಅಷ್ಟು ದಪ್ಪ. ತೆಳ್ಳನೆ ತಂತಿಯನ್ನು ಹಂಗ ಒತ್ತಿದರೆ ಬಾಗಿಬಿಡುತ್ತದೆ. ಆದರೆ ಎಲ್ಲಾ ತಂತಿಯನ್ನೂ ಮೊದಲೇ ಬಿಗಿಯಾಗಿ ಎಳೆದು ಕಟ್ಟಿದರೆ? ಭಾರ ಬಿದ್ದಾಗ ಕೆಳಗಿನ ತಂತಿಯ ಬಿಗಿ ಸ್ವಲ್ಪ ಕಡಿಮೆ ಆಗುತ್ತದೆ ಅಷ್ಟೇ, ಅದು ಬಾಗುವುದಿಲ್ಲ. ಈ ವಿಚಾರ ಸ್ಟಾರ್ಲಿಯದೇ ಅಲ್ಲ. ವಿಮಾನದ ಕನಸು ಕಂಡ ಜಾರ್ಜ್ ಕೇಲಿ 1808ರಲ್ಲೇ ಯೋಚಿಸಿದ್ದ, ಪ್ಯಾರಿಸ್‌ನ ಯೂಜೀನ್ ಮೇಯರ್ 1869ರಲ್ಲಿ ಸೈಕಲ್ಲಿಗೆ ತಂದಿದ್ದ.

1870ರಲ್ಲಿ ಸ್ಟಾರ್ಲಿ ಮತ್ತು ವಿಲಿಯಂ ಹಿಲ್‌ಮನ್ ಸೇರಿ ಏರಿಯಲ್ ಎಂಬ ಸೈಕಲ್‌ಗೆ ಪೇಟೆಂಟ್ ಪಡೆದರು. ಮುಂದೆ ಆಳೆತ್ತರದ ಗಾಲಿ, ಹಿಂದೆ ಸಣ್ಣ ಗಾಲಿ. ನೋಡಿದರೆ ಸರ್ಕಸ್‌ನದು ಅನಿಸುತ್ತದೆ. ಆದರೆ ಅದಕ್ಕೆ ಕಾರಣ ಇತ್ತು. ಚೈನ್ ಇಲ್ಲದ್ದರಿಂದ ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. 60 ಇಂಚಿನ ಗಾಲಿ ಇದ್ದರೆ ಒಂದು ಸುತ್ತಿಗೆ ಸುಮಾರು 4.8 ಮೀಟರ್ ಮುಂದೆ ಹೋಗಬಹುದು. ಮರದಲ್ಲಿ ಅಷ್ಟು ದೊಡ್ಡ ಗಾಲಿ ಮಾಡಿದರೆ ತುಳಿಯುವುದೇ ಕಷ್ಟ, ತಂತಿ ಕಡ್ಡಿಯಿಂದ ಅದು ಹಗುರಾಯಿತು.

ಆದರೂ ಒಂದು ತೊಂದರೆ ಉಳಿದಿತ್ತು, ನಮ್ಮ ಬುಲೆಟ್‌ನದೇ ತೊಂದರೆ. ಕಡ್ಡಿಗಳು ಹಬ್‌ನಿಂದ ನೇರವಾಗಿ ಹೊರಟಿದ್ದರೆ ಭಾರ ತಡೆಯುತ್ತವೆ, ತಿರುಚುವ ಬಲ ತಡೆಯೋದಿಲ್ಲ. ಪೆಡಲ್ ಹಬ್‌ಅನ್ನು ತಿರುಗಿಸುತ್ತದೆ, ರಿಮ್ ಹಿಂದೆ ಉಳಿಯುತ್ತದೆ, ನಡುವೆ ಕಡ್ಡಿಗಳು ಸೊಟ್ಟ ಆಗಿ ಬುಡದಲ್ಲಿ ಬಾಗುತ್ತವೆ. ಏರಿಯಲ್‌ನಲ್ಲಿ ಇದಕ್ಕೆ ಹಬ್‌ಗೆ ಒಂದು ಅಡ್ಡಪಟ್ಟಿ ಜೋಡಿಸಿ, ಅದರ ತುದಿಯಿಂದ ರಿಮ್‌ಗೆ ಬೇರೆ ತಂತಿ ಎಳೆದಿದ್ದ. 1874ರಲ್ಲಿ ಇದಕ್ಕಿಂತ ಸರಳ ಉತ್ತರ ಕೊಟ್ಟ: ಟ್ಯಾಂಜೆಂಟ್ ಗಾಲಿ. ಕಡ್ಡಿಗಳು ಹಬ್‌ನ ಅಂಚಿನಿಂದ ಸ್ಪರ್ಶರೇಖೆಯಂತೆ ಓರೆಯಾಗಿ ಹೊರಡುತ್ತವೆ, ಅರ್ಧ ಮುಂದಕ್ಕೆ, ಅರ್ಧ ಹಿಂದಕ್ಕೆ, ಒಂದನ್ನೊಂದು ಹಾಯ್ದು. ಓಡಿಸುವಾಗ ಒಂದು ಗುಂಪು ಎಳೆಯುತ್ತದೆ, ಬ್ರೇಕ್ ಹಾಕಿದಾಗ ಇನ್ನೊಂದು. ನಿಮ್ಮ ಸೈಕಲ್‌ನ ಹಿಂದಿನ ಗಾಲಿ, ಬುಲೆಟ್‌ನ ಕಡ್ಡಿ ಗಾಲಿ ಎಲ್ಲಾದರಾಗೂ ಇಂದಿಗೂ ಇರೋದು ಅದೇ ಕಟ್ಟು. ಮೇಸ್ತ್ರಿ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ ಆಗಿತ್ತು. ನಮ್ಮ ಬ್ರೇಕ್ ಇದ್ದದ್ದು ಹಬ್‌ನಾಗ.

ಆಮೇಲೆ ಸ್ಟಾರ್ಲಿ ಮೂರು ಗಾಲಿ, ನಾಲ್ಕು ಗಾಲಿಯ ಸೈಕಲ್‌ಗಳ ಕಡೆ ಹೊರಳಿದ. ಒಮ್ಮೆ ಮಗ ವಿಲಿಯಂ ಜೊತೆ ಅಕ್ಕಪಕ್ಕ ಕೂತು ತುಳಿಯುವ ಗಾಡಿಯಲ್ಲಿ ಹೊರಟಿದ್ದಾಗ, ಇಬ್ಬರ ಬಲ ಸಮ ಇಲ್ಲದೆ ಗಾಡಿ ಒಂದು ಕಡೆ ಎಳೆದು ಇಬ್ಬರೂ ತುರಿಕೆ ಸೊಪ್ಪಿನ ಪೊದೆಗೆ ಬಿದ್ದರು ಅನ್ನೋ ಕಥೆ ಐತಿ. ಬಿದ್ದವ ಸುಮ್ಮನಿರದೆ 1877ರಲ್ಲಿ ಡಿಫರೆನ್ಶಿಯಲ್ ಗೇರ್ ಇಟ್ಟು ಆ ತೊಂದರೆ ಬಗೆಹರಿಸಿದ. ಫ್ರಾನ್ಸ್‌ನ ಪೆಕ್ಯೂರ್ ಮೊದಲೇ ಇಂಥ ಗೇರ್ ಮಾಡಿದ್ದ, ಚೈನ್ ಸೈಕಲ್ಲಿಗೆ ಅದನ್ನ ತಂದವ ಸ್ಟಾರ್ಲಿ. ಆ ಗಾಡಿಯ ಹೆಸರು ಸಾಲ್ವೊ. ರಾಣಿ ವಿಕ್ಟೋರಿಯಾ ಎರಡು ಸಾಲ್ವೊ ತರಿಸಿಕೊಂಡಳು. ಹೊಲದಲ್ಲಿ ದುಡಿದ ಹುಡುಗ ರಾಣಿಯ ಅರಮನೆಗೆ ಹೋಗಿ ಗಾಡಿ ಒಪ್ಪಿಸಿ ಬಂದ.

ಅದೇ 1881ರ ಜೂನ್ 17ರಂದು ಕ್ಯಾನ್ಸರ್‌ನಿಂದ ತೀರಿಕೊಂಡ. ವಯಸ್ಸು 51. ಮೂರು ವರ್ಷಕ್ಕೆ ಕೊವೆಂಟ್ರಿಯಲ್ಲಿ ಆತನ ಸ್ಮಾರಕ ಎದ್ದು ನಿಂತಿತು. ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೆಚ್ಚುಕಮ್ಮಿ ಒಂದೇ ಅಳತೆಯ ಎರಡು ಗಾಲಿ, ಹಿಂದೆ ಚೈನ್ ಇರುವ ರೋವರ್ ಸೈಕಲ್ ಮಾಡಿದ. ಆಳೆತ್ತರದ ಗಾಲಿ ನಿಧಾನಕ್ಕೆ ಮೂಲೆ ಸೇರಿತು, ಓರೆ ಕಡ್ಡಿ ಉಳಿಯಿತು. ಮಗ್ಗ ನಿಂತ ಊರು ಸೈಕಲ್, ಮೋಟಾರ್‌ಸೈಕಲ್, ಕಾರುಗಳ ಊರಾಯಿತು.

ಶೋ ಗಾಲಿ ಮಾಡಿಸಬ್ಯಾಡ್ರಿ ಅಂತ ನಾವು ಹೇಳೋದಿಲ್ಲ. ನೇರ ಕಡ್ಡಿಯ ಗಾಲಿಯನ್ನೂ ದಪ್ಪ ಕಡ್ಡಿ, ಗಟ್ಟಿ ಹಬ್ ಹಾಕಿ ಲೆಕ್ಕ ಹಾಕಿ ಮಾಡುವವರಿದ್ದಾರೆ. ಸ್ಟಾರ್ಲಿಯ ಗಾಲಿಯೂ ಆ ಕಾಲಕ್ಕೆ ವಿಚಿತ್ರವೇ. ಆದರೆ ಆತ ಪ್ರತಿ ಕಡ್ಡಿಗೂ ಏನು ಕೆಲಸ ಅಂತ ಮೊದಲು ಕೇಳಿದ, ನಾವು ಫೋಟೋ ಹೆಂಗ ಬರ್ತದ ಅಂತ ಕೇಳಿದ್ವಿ. ಕಂಪನಿ ಕೊಟ್ಟ ರೂಪವನ್ನ ಹಂಗೆಲ್ಲಾ ಬದಲಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಿ ಐತಿ ಅನ್ನೋದೂ ನಮಗೆ ಆಮೇಲೆ ಗೊತ್ತಾಯ್ತು.

ಈಗ ಬೆಟಗೇರಿ ಮೇಸ್ತ್ರಿ 40 ಕಡ್ಡಿಯ ಗಾಲಿ ಓರೆ ಹಾಯಿಸಿ ಕಟ್ಟಿ, ಬೆಂಡ್ ತೆಗೆದು ಕೊಟ್ಟಾರ. ಒಂದು ಭಾನುವಾರ ಅವರ ಹತ್ತಿರ ಕೂತು ನಾವೂ ಒಂದು ಸೈಕಲ್ ಗಾಲಿ ಕಟ್ಟಿದ್ವಿ, ಮೂರು ಸಲ ಬಿಚ್ಚಿ. ಮುರಿದ ಗಾಲಿ ಹಾಸ್ಟೆಲ್ ರೂಮಿನಾಗ ಗ್ವಾಡಿಗೆ ತೂಗುಹಾಕೀವಿ. ಕಡ್ಡಿ ಎಲ್ಲಿ ಕಡಿದಾವ ನೋಡಬೇಕಂದ್ರ ಬರ್ರಿ, ತೋರಿಸ್ತೀವಿ.