ಮೀರತ್ ಮೊಕದ್ದಮೆಯ ಸಚ್ಚಿದಾನಂದ ವಿಷ್ಣು ಘಾಟೆ

ಭಾರತದ ಕಾರ್ಮಿಕ ಚಳವಳಿಯ ಚರಿತ್ರೆಯಲ್ಲಿ ಡಾಂಗೆ, ಮುಜಫರ್ ಅಹಮದ್ ಮೊದಲಾದವರ ಹೆಸರುಗಳ ಜೊತೆಗೆ ತಪ್ಪದೆ ಬರುವ, ಬಂದೊಡನೆಯೇ ಹಿನ್ನೆಲೆಗೆ ಸರಿದುಬಿಡುವ ಹೆಸರು ಸಚ್ಚಿದಾನಂದ ವಿಷ್ಣು ಘಾಟೆಯವರದು. ಭಾರತೀಯ ಕಮ್ಯುನಿಸ್ಟ್ ಪಕ್ಷದ ಮೊದಲ ಪ್ರಧಾನ ಕಾರ್ಯದರ್ಶಿಯಾಗಿದ್ದ ಅವರು ಮಂಗಳೂರಿನವರೆಂಬ ಸಂಗತಿ ಕನ್ನಡ ನಾಡಿನ ರಾಷ್ಟ್ರೀಯ ಚಳವಳಿಯ ಕಥನಗಳಲ್ಲಿ ಪಡೆಯಬೇಕಾದಷ್ಟು ಸ್ಥಾನವನ್ನು ಪಡೆದಿಲ್ಲ. ಭಾಷಣಕಾರರಿಗೆ ದೊರೆಯುವ ಕೀರ್ತಿ ಸಂಘಟಕರಿಗೆ ದೊರೆಯುವುದು ಅಪರೂಪವೆಂಬುದು ಇದಕ್ಕೆ ಒಂದು ಕಾರಣವಾಗಿರಬಹುದು. ಅವರ ಕಾರ್ಯಕ್ಷೇತ್ರ ಮುಂಬಯಿ, ಮದರಾಸು ಮತ್ತು ದಿಲ್ಲಿಗಳಲ್ಲಿ ಹರಡಿಕೊಂಡಿದ್ದುದು ಇನ್ನೊಂದು.

ಘಾಟೆಯವರು ಹುಟ್ಟಿದ್ದು 1896ರ ಡಿಸೆಂಬರ್ 14ರಂದು. ಆಗ ಮಂಗಳೂರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರ. ಬಾಸೆಲ್ ಮಿಶನ್ನಿನವರು 1865ರಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ ಹಾಗೂ ಅವರ ನೇಯ್ಗೆಯ ಕೆಲಸ ಆ ಊರಿಗೆ ಯಂತ್ರಯುಗದ ಪರಿಚಯವನ್ನು ಮೊದಲೇ ಮಾಡಿಸಿದ್ದವು. ಆದರೂ ಕರಾವಳಿಯ ತರುಣರ ದೃಷ್ಟಿ ನೆಟ್ಟಿದ್ದುದು ಮುಂಬಯಿಯತ್ತ. ಘಾಟ್ಟ ಹತ್ತಿ ಮೈಸೂರಿಗೆ ಹೋಗುವುದಕ್ಕಿಂತ ಹಡಗು ಹತ್ತಿ ಮುಂಬಯಿಗೆ ಹೋಗುವುದು ಅವರಿಗೆ ಸುಲಭವಾಗಿತ್ತು. 1902ರಲ್ಲಿಯೇ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆ ಆ ನಗರದಲ್ಲಿ ಹುಟ್ಟಿಕೊಂಡುದನ್ನು ನೋಡಿದರೆ ಈ ವಲಸೆಯ ಪ್ರಮಾಣ ಊಹೆಗೆ ನಿಲುಕುತ್ತದೆ. ಘಾಟೆಯವರೂ ಇದೇ ಹಾದಿಯಲ್ಲಿ ಮುಂಬಯಿ ಸೇರಿದರು. ಆದರೆ ಅವರು ಅಲ್ಲಿ ಆರಿಸಿಕೊಂಡ ಬದುಕು ಉಳಿದವರದಕ್ಕಿಂತ ಭಿನ್ನವಾಯಿತು.

1925ರ ಡಿಸೆಂಬರ್ ಕೊನೆಯ ವಾರದಲ್ಲಿ ಕಾನ್ಪುರದಲ್ಲಿ ನಡೆದ ಕಮ್ಯುನಿಸ್ಟ್ ಸಮ್ಮೇಳನದಲ್ಲಿ ಮದರಾಸಿನ ಸಿಂಗಾರವೇಲು ಅಧ್ಯಕ್ಷರಾದರು. ಘಾಟೆ ಮತ್ತು ಬಗರ್‌ಹಟ್ಟಾ ಇಬ್ಬರೂ ಕಾರ್ಯದರ್ಶಿಗಳಾದರು. ಬಗರ್‌ಹಟ್ಟಾ ಅವರ ಮೇಲೆ ಸಂಶಯ ಮೂಡಿ ಅವರು ದೂರ ಸರಿದಾಗ 1927ರಲ್ಲಿ ಹೊಣೆಯೆಲ್ಲ ಘಾಟೆಯವರ ಹೆಗಲಿಗೆ ಬಂದಿತು. ಪಕ್ಷವೆಂದರೆ ಆಗ ಬೆರಳೆಣಿಕೆಯ ಜನ, ನಾಲ್ಕಾರು ಊರುಗಳ ಗುಂಪು, ಪೊಲೀಸರು ಒಡೆದು ಓದುತ್ತಿದ್ದ ಪತ್ರಗಳು. ಈ ಪತ್ರಗಳೇ ಮುಂದೆ ಮೀರತ್ ನ್ಯಾಯಾಲಯದ ಮೇಜಿನ ಮೇಲೆ ರಾಶಿಯಾಗಿ ಬಿದ್ದವು.

ಬಹಿರಂಗವಾಗಿ ನಡೆಯುತ್ತಿದ್ದುದು ಕಾರ್ಮಿಕ ರೈತ ಪಕ್ಷದ ಕೆಲಸ ಮತ್ತು ಕಾರ್ಮಿಕ ಸಂಘಗಳ ಕೆಲಸ. 1926ರ ಕೊನೆಯಲ್ಲಿ ಕೇಂಬ್ರಿಜ್ ಪದವೀಧರ ಫಿಲಿಪ್ ಸ್ಪ್ರಾಟ್, ಅನಂತರ ಲೋಹದ ಕೆಲಸ ಬಲ್ಲ ಇಂಗ್ಲಿಷ್ ಕಾರ್ಮಿಕ ಬೆನ್ ಬ್ರಾಡ್ಲಿ ಭಾರತಕ್ಕೆ ಬಂದರು. ಬ್ರಾಡ್ಲಿಯವರು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ನೌಕರರ ನಡುವೆ ಜೋಗಳೇಕರರೊಂದಿಗೆ ದುಡಿದರು. 1853ರಲ್ಲಿ ಬೋರಿಬಂದರಿನಿಂದ ಠಾಣೆಯವರೆಗೆ ಓಡಿದ ಮೊದಲ ಗಾಡಿಯ ಹಾದಿಯೇ ಮುಂದೆ ಡೊಂಬಿವಲಿಯನ್ನು ದಾಟಿ ಕಲ್ಯಾಣಕ್ಕೆ ಹೋಗಿ, ಅಲ್ಲಿ ಕವಲೊಡೆದು ಒಂದು ಕಡೆ ನಾಸಿಕದತ್ತಲೂ ಮತ್ತೊಂದು ಕಡೆ ಪುಣೆಯತ್ತಲೂ ಏರುತ್ತದೆ. ಗಿರಣಿಯ ಚಳವಳಿ ಪರೇಲಿನಲ್ಲಿ ಒತ್ತಾಗಿ ಬೆಳೆದರೆ ರೈಲ್ವೆಯ ಚಳವಳಿ ಈ ಹಳಿಗಳ ಉದ್ದಕ್ಕೂ ಚದುರಿ ಬೆಳೆಯಿತು. ಮುಂಬಯಿಯ ಕಾರ್ಮಿಕ ಚರಿತ್ರೆಯನ್ನು ಗಿರಣಿಗಾಂವಿನೊಳಗೇ ಮುಗಿಸುವವರು ಠಾಣೆ ಕಲ್ಯಾಣಗಳ ಈ ಪಾಲನ್ನು ಕಾಣದೆ ಹೋಗುತ್ತಾರೆ.

1928ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಮುಂಬಯಿಯ ಸುಮಾರು ಒಂದೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ನೇಕಾರ ಮೂರನ್ನು ನೋಡಿಕೊಳ್ಳಬೇಕೆಂಬ ಮಾಲೀಕರ ಯೋಜನೆ ಇದರ ಮೂಲದಲ್ಲಿತ್ತು. ಕೆಲವೇ ನೂರು ಸದಸ್ಯರಿಂದ ಆರಂಭವಾದ ಗಿರಣಿ ಕಾಮಗಾರ್ ಯೂನಿಯನ್ ಆ ವರ್ಷದ ಕೊನೆಗೆ 54,000 ಸದಸ್ಯರ ಸಂಘವಾಯಿತು. ಮುಷ್ಕರ ನಿರತರಿಗೆ ರಷ್ಯದ ಜವಳಿ ಕಾರ್ಮಿಕರಿಂದ ಹಣ ಬಂದಿತು. ಹಸಿದವರಿಗೆ ಹಸಿದವರು ಕಳಿಸಿದ ಈ ನೆರವನ್ನು ಸರ್ಕಾರ ಕಂಡ ಬಗೆ ಬೇರೆ. ಅದರ ದೃಷ್ಟಿಯಲ್ಲಿ ಅದು ಸಂಚಿಗೆ ಸಾಕ್ಷ್ಯ.

1929ರ ಮಾರ್ಚ್ 20ರಂದು ದೇಶದ ಹಲವು ಊರುಗಳಲ್ಲಿ ಒಂದೇ ದಿನ ಬಂಧನಗಳು ನಡೆದವು. ಘಾಟೆ, ಡಾಂಗೆ, ಮಿರಜಕರ್, ನಿಂಬಕರ್, ಜೋಗಳೇಕರ್, ಪನವೇಲಿನಲ್ಲಿ ಹುಟ್ಟಿ ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದಿ ಬಂದಿದ್ದ ಗಂಗಾಧರ ಅಧಿಕಾರಿ, ಗಿರಣಿ ಕೆಲಸಗಾರರೇ ಆಗಿದ್ದ ಆಳ್ವೆ ಮತ್ತು ಕಾಸಲೆ ಮುಂಬಯಿಯ ಗುಂಪಿನಲ್ಲಿದ್ದರು. ಸ್ಪ್ರಾಟ್, ಬ್ರಾಡ್ಲಿಯವರನ್ನೂ ಬಿಡಲಿಲ್ಲ. ಕೆಲವು ತಿಂಗಳ ಬಳಿಕ ಪತ್ರಕರ್ತ ಲೆಸ್ಟರ್ ಹಚಿನ್ಸನ್ ಸೇರಿಕೊಂಡರು. ಬ್ರಿಟಿಷ್ ಇಂಡಿಯಾದ ಮೇಲೆ ಚಕ್ರವರ್ತಿಗಿದ್ದ ಸಾರ್ವಭೌಮತ್ವವನ್ನು ಕಸಿಯಲು ಸಂಚು ಮಾಡಿದರೆಂಬುದು ದಂಡಸಂಹಿತೆಯ 121 ಎ ಕಲಮಿನಡಿ ಹೊರಿಸಿದ ಆರೋಪ. ಮುಂಬಯಿಯಲ್ಲಾಗಲಿ ಕಲ್ಕತ್ತೆಯಲ್ಲಾಗಲಿ ವಿಚಾರಣೆ ನಡೆದರೆ ಜ್ಯೂರಿ ಬೇಕಾಗುತ್ತಿತ್ತು. ಮೀರತ್ತಿನಲ್ಲಿ ಆ ತೊಡಕು ಇರಲಿಲ್ಲ. ಆರೋಪಿಗಳಲ್ಲಿ ಬಹುಮಂದಿ ಕಾಲಿಟ್ಟಿರದ ಊರೊಂದು ಅವರ ಅಪರಾಧದ ಸ್ಥಳವಾದುದು ಹೀಗೆ.

ವಿಚಾರಣೆ ನಾಲ್ಕು ವರ್ಷಗಳಿಗೆ ಸಮೀಪದ ಕಾಲ ಎಳೆಯಿತು. ಪ್ರಾಸಿಕ್ಯೂಶನ್ ಪರವಾಗಿ ಆರಂಭದಲ್ಲಿ ವಾದಿಸಿದ ಲ್ಯಾಂಗ್‌ಫರ್ಡ್ ಜೇಮ್ಸ್ ನಡುವೆಯೇ ತೀರಿಕೊಂಡರು. ಆರೋಪಿಗಳಲ್ಲಿ ಹಿರಿಯರಾದ ಪುಣೆಯ ಠೇಂಗಡಿಯವರೂ ತೀರಿಕೊಂಡರು. ಗಾಂಧೀಜಿ 1929ರ ಅಕ್ಟೋಬರಿನಲ್ಲಿ ಜೈಲಿಗೆ ಬಂದು ಕೈದಿಗಳನ್ನು ಕಂಡುಹೋದರು. ಬಾಂಬಾಗಲಿ ಬಂದೂಕಾಗಲಿ ಇಲ್ಲದ ಮೊಕದ್ದಮೆ ಅದು. ಮುಂದಿಟ್ಟ ಸಾಮಗ್ರಿಯ ಬಹುಭಾಗ ಪುಸ್ತಕ, ಪತ್ರಿಕೆ, ಕಾಗದ. ಕಮ್ಯುನಿಸ್ಟ್ ಆರೋಪಿಗಳು ತಮ್ಮ ವಿಚಾರಗಳನ್ನು ಮುಚ್ಚಿಡದೆ ದೀರ್ಘವಾದ ಸಾಮಾನ್ಯ ಹೇಳಿಕೆಯೊಂದನ್ನು ಒಪ್ಪಿಸಿ, ಕಟಕಟೆಯನ್ನೇ ವೇದಿಕೆಯಾಗಿಸಿಕೊಂಡರು.

ಈ ಮೊಕದ್ದಮೆಯ ಅತ್ಯಂತ ವಿಚಾರಾರ್ಹವಾದ ಮುಖ ನ್ಯಾಯಾಲಯದ ಹೊರಗಿನದು. ವಿದೇಶದ ಕಾರ್ಮಿಕರೊಂದಿಗೆ ಸಂಬಂಧ ಇಟ್ಟುಕೊಂಡದ್ದೇ ಅಪರಾಧವೆನಿಸಿದವರ ಬಿಡುಗಡೆಗಾಗಿ ವಿದೇಶದ ಕಾರ್ಮಿಕರೇ ದನಿಯೆತ್ತಿದರು. ಬ್ರಿಟನ್ನಿನಲ್ಲಿ ಮೀರತ್ ಕೈದಿಗಳ ರಕ್ಷಣಾ ಸಮಿತಿ ಕೆಲಸ ಮಾಡಿತು. ಪಾರ್ಲಿಮೆಂಟಿನ ಮಾಜಿ ಸದಸ್ಯ ಶಾಪುರ್ಜಿ ಸಕ್ಲತ್ವಾಲಾ ಸಭೆಗಳಲ್ಲಿ ಮಾತನಾಡಿದರು. ಆರೋಪಿಗಳಲ್ಲಿ ಒಬ್ಬರಾದ ಶೌಕತ್ ಉಸ್ಮಾನಿಯವರನ್ನು 1929ರ ಬ್ರಿಟಿಷ್ ಚುನಾವಣೆಯಲ್ಲಿ ಸ್ಪೆನ್ ವ್ಯಾಲಿ ಕ್ಷೇತ್ರದಿಂದ ಅಲ್ಲಿನ ಕಮ್ಯುನಿಸ್ಟ್ ಪಕ್ಷ ನಿಲ್ಲಿಸಿತು. ಎದುರಾಳಿ ಬೇರೆ ಯಾರೂ ಅಲ್ಲ, ಭಾರತದಲ್ಲಿ ಕರಿಬಾವುಟಗಳ ಸ್ವಾಗತ ಪಡೆದಿದ್ದ ಸರ್ ಜಾನ್ ಸೈಮನ್. ಗೆಲುವಿನ ಆಸೆ ಯಾರಿಗೂ ಇರಲಿಲ್ಲ. ಮೀರತ್ ಎಂಬ ಊರಿನ ಹೆಸರು ಯಾರ್ಕ್‌ಷೈರಿನ ಮತದಾರನ ಕಿವಿಗೆ ಬಿದ್ದರೆ ಸಾಕಾಗಿತ್ತು. ರೊಮೇನ್ ರೊಲಾ, ಆಲ್ಬರ್ಟ್ ಐನ್‌ಸ್ಟೈನ್ ಅವರಂತಹವರೂ ಕೈದಿಗಳ ಪರ ನಿಂತರು.

ಲ್ಯಾಂಕಷೈರಿನಲ್ಲಿ ನಡೆದದ್ದು ಇವೆಲ್ಲಕ್ಕಿಂತ ಮಿಗಿಲಾದುದು. ಮ್ಯಾಂಚೆಸ್ಟರ್ ಪ್ರದೇಶದ ಕಾರ್ಮಿಕ ತರುಣರ ನಾಟಕ ತಂಡವಾದ ರೆಡ್ ಮೆಗಾಫೋನ್ಸ್ ಮೀರತ್ ಎಂಬ ಹೆಸರಿನ ಕಿರುರೂಪಕವನ್ನು ಬೀದಿಗಳಲ್ಲಿ ಆಡಿತು. ರಂಗಸಜ್ಜಿಕೆಯೆಂದರೆ ಕೆಲವು ಕೋಲುಗಳಷ್ಟೆ. ಅವುಗಳನ್ನು ಅಡ್ಡ ಉದ್ದ ಹಿಡಿದು ನಟರು ಜೈಲಿನ ಸರಳುಗಳನ್ನು ನಿರ್ಮಿಸಿಕೊಂಡು ಅವುಗಳ ಹಿಂದಿನಿಂದ ಮಾತನಾಡುತ್ತಿದ್ದರು. ಇದರ ಅರ್ಥ ತಿಳಿಯಬೇಕಾದರೆ ಆ ನಾಡಿನ ಪರಿಸ್ಥಿತಿಯನ್ನು ನೆನೆಯಬೇಕು. ಮುಂಬಯಿಯ ಗಿರಣಿ ಲ್ಯಾಂಕಷೈರಿನ ಗಿರಣಿಗೆ ಪ್ರತಿಸ್ಪರ್ಧಿ. ಭಾರತದ ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಅಲ್ಲಿನ ನೇಕಾರನ ಅನ್ನಕ್ಕೂ ಪೆಟ್ಟು ಬಿದ್ದಿತ್ತು. ಅವನು ಭಾರತೀಯನನ್ನು ದ್ವೇಷಿಸಲು ಎಲ್ಲ ಕಾರಣಗಳೂ ಇದ್ದವು. ಆದರೆ 1931ರ ಹೊತ್ತಿಗೆ ಅಲ್ಲಿನ ಮಾಲೀಕರೂ ನಾಲ್ಕು ಮಗ್ಗಗಳ ಬದಲು ಎಂಟನ್ನು ನೋಡಿಕೊಳ್ಳಬೇಕೆಂದು ನೇಕಾರರನ್ನು ಒತ್ತಾಯಿಸಿದಾಗ, ಪರೇಲಿನ ದೂರು ಬರ್ನ್ಲಿಯ ದೂರೂ ಆಯಿತು. ಸಹಾನುಭೂತಿಯೆಂಬ ಮಾತಿಗೆ ಇಲ್ಲಿ ಕೇವಲ ಕನಿಕರದ ಅರ್ಥವಿಲ್ಲ. ಒಂದೇ ಅನುಭವವನ್ನು ಜೊತೆಯಾಗಿ ಉಣ್ಣುವುದೆಂಬ ಮೂಲಾರ್ಥದಲ್ಲಿಯೇ ಅದನ್ನು ಗ್ರಹಿಸಬೇಕು.

ಈ ಚಿತ್ರಕ್ಕೆ ಮತ್ತೊಂದು ಮಗ್ಗುಲಿದೆ, ಅದನ್ನು ಮರೆಮಾಚಬಾರದು. ಬಂಧನಗಳು ಕನ್ಸರ್ವೇಟಿವ್ ಸರ್ಕಾರದ ಕಾಲದಲ್ಲಿ ನಡೆದರೂ 1929ರ ಜೂನಿನಲ್ಲಿ ಅಧಿಕಾರಕ್ಕೆ ಬಂದ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡರ ಲೇಬರ್ ಸರ್ಕಾರ ಮೊಕದ್ದಮೆಯನ್ನು ಕೈಬಿಡಲಿಲ್ಲ. 1924ರಲ್ಲಿ ಡಾಂಗೆ ಮೊದಲಾದವರಿಗೆ ಕಾನ್ಪುರ ಮೊಕದ್ದಮೆಯಲ್ಲಿ ಶಿಕ್ಷೆಯಾದಾಗಲೂ ಲಂಡನ್ನಿನಲ್ಲಿ ಆಳುತ್ತಿದ್ದವರು ಅವರೇ. ಕಾರ್ಮಿಕರ ಮತದಿಂದ ಗದ್ದುಗೆಯೇರಿದ ಪಕ್ಷ ಕಾರ್ಮಿಕ ನಾಯಕರನ್ನು ಜೈಲಿನಲ್ಲಿಟ್ಟಿತು; ಅದೇ ಪಕ್ಷದ ಕೆಳಹಂತದ ಸದಸ್ಯರು ಬಿಡುಗಡೆಗಾಗಿ ನಿರ್ಣಯ ಮಂಡಿಸಿದರು.

1933ರ ಜನವರಿ 16ರಂದು ಸೆಶನ್ಸ್ ನ್ಯಾಯಾಧೀಶ ಯಾರ್ಕ್ ತೀರ್ಪು ಕೊಟ್ಟರು. 27 ಮಂದಿಗೆ ಶಿಕ್ಷೆಯಾಯಿತು. ಮುಜಫರ್ ಅಹಮದರಿಗೆ ಜೀವಾವಧಿ ಗಡೀಪಾರು. ಘಾಟೆ, ಡಾಂಗೆ, ಜೋಗಳೇಕರ್, ನಿಂಬಕರ್, ಸ್ಪ್ರಾಟ್ ಈ ಐವರಿಗೆ ಹನ್ನೆರಡು ವರ್ಷಗಳ ಗಡೀಪಾರು. ಕಠೋರತೆಯ ಈ ಪ್ರಮಾಣ ಬ್ರಿಟನ್ನಿನಲ್ಲಿಯೂ ಅನೇಕರನ್ನು ಬೆಚ್ಚಿಬೀಳಿಸಿತು. ಚಳವಳಿ ಹೊಸ ಕಾವು ಪಡೆಯಿತು. ಅದೇ ವರ್ಷದ ಆಗಸ್ಟ್ 3ರಂದು ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಸುಲೇಮಾನ್ ಮತ್ತು ನ್ಯಾಯಮೂರ್ತಿ ಯಂಗ್ ಅವರು ಶಿಕ್ಷೆಗಳನ್ನು ತೀವ್ರವಾಗಿ ಇಳಿಸಿದರು. ಘಾಟೆಯವರ ಹನ್ನೆರಡು ವರ್ಷ ಒಂದು ವರ್ಷವಾಯಿತು. ಹಚಿನ್ಸನ್ ಹಾಗೂ ಕೆಲವರು ನಿರ್ದೋಷಿಗಳೆನಿಸಿದರು. ನ್ಯಾಯಮೂರ್ತಿಗಳು ಕಾನೂನಿನ ನೆಲೆಯಲ್ಲಿಯೇ ತೀರ್ಮಾನಿಸಿದರೆಂಬುದನ್ನು ಒಪ್ಪಬೇಕು. ಆದರೆ ಜಗತ್ತು ನೋಡುತ್ತಿದ್ದ ಮೊಕದ್ದಮೆ ಅದಾಗಿತ್ತೆಂಬುದನ್ನೂ ಅಲ್ಲಗಳೆಯಲಾಗದು.

ಬಿಡುಗಡೆಯ ಅನಂತರ ಕೈದಿಗಳ ಹಾದಿಗಳು ಕವಲಾದವು. ಬ್ರಾಡ್ಲಿ ಇಂಗ್ಲೆಂಡಿಗೆ ಮರಳಿ ಭಾರತದ ಪರವಾಗಿ ದುಡಿದರು. ಹಚಿನ್ಸನ್ ತಮ್ಮ ಮೀರತ್ ಅನುಭವವನ್ನು ಬರೆದು 1935ರಲ್ಲಿ ಪ್ರಕಟಿಸಿದರು. ಹೆರಾಲ್ಡ್ ಲಾಸ್ಕಿ ಅದಕ್ಕೆ ಮುನ್ನುಡಿ ಬರೆದರು. 1945ರಲ್ಲಿ ಅವರು ಮ್ಯಾಂಚೆಸ್ಟರಿನಿಂದಲೇ ಪಾರ್ಲಿಮೆಂಟಿಗೆ ಆಯ್ಕೆಯಾದರು. ಸ್ಪ್ರಾಟ್ ಅವರದು ವಿಚಿತ್ರವಾದ ತಿರುವು. ಅವರು ಕಮ್ಯುನಿಸಮ್ಮನ್ನು ತೊರೆದು ಅದರ ಕಟುವಿಮರ್ಶಕರಾಗಿ, ಬೆಂಗಳೂರಿನಲ್ಲಿ ನೆಲಸಿ ಮೈಸಿಂಡಿಯಾ ಪತ್ರಿಕೆಯನ್ನು ಸಂಪಾದಿಸಿದರು. ಮಂಗಳೂರಿನ ಘಾಟೆ ಕನ್ನಡ ನಾಡಿನಿಂದ ದೂರವುಳಿದು, ಇಂಗ್ಲೆಂಡಿನ ಸ್ಪ್ರಾಟ್ ಕನ್ನಡ ನಾಡಿನವರಾದರು.

ಘಾಟೆಯವರು ತಮ್ಮ ನಿಲುವನ್ನು ಬದಲಿಸಲಿಲ್ಲ. 1934ರಲ್ಲಿ ಪಕ್ಷ ನಿಷೇಧಕ್ಕೊಳಗಾದ ಮೇಲೆ ಅವರು ಮದರಾಸಿನಲ್ಲಿದ್ದು ದಕ್ಷಿಣದ ಸಂಘಟನೆಗೆ ತೊಡಗಿದರು. ಅಲ್ಲಿಂದ ನ್ಯೂ ಏಜ್ ಎಂಬ ಇಂಗ್ಲಿಷ್ ಮಾಸಿಕವನ್ನು ನಡೆಸಿದರು. 1937ರಲ್ಲಿ ಕಲ್ಲಿಕೋಟೆಯಲ್ಲಿ ಕೃಷ್ಣ ಪಿಳ್ಳೆ, ಇ. ಎಂ. ಎಸ್. ನಂಬೂದಿರಿಪಾಡ್, ಎನ್. ಸಿ. ಶೇಖರ್, ಕೆ. ದಾಮೋದರನ್ ಈ ನಾಲ್ವರು ಸೇರಿ ಕೇರಳದ ಮೊದಲ ಕಮ್ಯುನಿಸ್ಟ್ ಘಟಕವನ್ನು ಕಟ್ಟಿದಾಗ ಕೇಂದ್ರದ ಪ್ರತಿನಿಧಿಯಾಗಿ ಜೊತೆಗಿದ್ದವರು ಘಾಟೆ. ಇಪ್ಪತ್ತು ವರ್ಷಗಳ ಬಳಿಕ ಆ ರಾಜ್ಯದಲ್ಲಿ ಚುನಾವಣೆಯ ಮೂಲಕ ಬಂದ ಸರ್ಕಾರದ ಬೀಜ ಅಲ್ಲಿತ್ತು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಅವರನ್ನು ಮತ್ತೆ ಬಂಧಿಸಿ ರಾಜಸ್ಥಾನದ ದೇವಲಿ ಶಿಬಿರದಲ್ಲಿಟ್ಟರು. ಸ್ವಾತಂತ್ರ್ಯಾನಂತರ ಅವರು ಪಕ್ಷದ ಖಜಾಂಚಿಯ ಹೊಣೆ ಹೊತ್ತರು. ಲೆಕ್ಕಪತ್ರ ನೋಡುವ ಆ ಕೆಲಸ ಅವರ ಸ್ವಭಾವಕ್ಕೆ ಒಗ್ಗುವಂಥದೇ. 1964ರಲ್ಲಿ ಪಕ್ಷ ಒಡೆದಾಗ ಮೂಲ ಪಕ್ಷದಲ್ಲಿಯೇ ಉಳಿದರು.

1970ರ ನವೆಂಬರ್ 28ರಂದು ಘಾಟೆಯವರು ನಿಧನರಾದರು. ಮೀರತ್ತಿನಲ್ಲಿ ಅವರೊಡನೆ ಕಟಕಟೆಯಲ್ಲಿ ನಿಂತಿದ್ದ ಗಂಗಾಧರ ಅಧಿಕಾರಿಯವರು ಸಂಪಾದಿಸಿದ ಪಕ್ಷಚರಿತ್ರೆಯ ದಾಖಲೆಗಳ ಮೊದಲ ಸಂಪುಟ ಮರುವರ್ಷ ಹೊರಬಂದಿತು. 1925ರಿಂದ 1928ರವರೆಗಿನ ದಾಖಲೆಗಳನ್ನುಳ್ಳ ಮುಂದಿನ ಸಂಪುಟಗಳಲ್ಲಿ, ಆ ಹೊತ್ತಿನ ಪತ್ರವ್ಯವಹಾರದ ನಡುವೆ, ಘಾಟೆಯವರ ಹೆಸರು ಮತ್ತೆ ಮತ್ತೆ ಬರುತ್ತದೆ.