ವ್ರಣವೈದ್ಯ ಲಿಸ್ಟರ್

1865ರ ಆಗಸ್ಟ್ 12ರಂದು ಗ್ಲಾಸ್ಗೋ ನಗರದ ರಾಯಲ್ ಇನ್‌ಫರ್ಮರಿ ಎಂಬ ಆಸ್ಪತ್ರೆಗೆ ಹನ್ನೊಂದು ವರ್ಷದ ಜೇಮ್ಸ್ ಗ್ರೀನ್‌ಲೀಸ್ ಎಂಬ ಬಾಲಕನನ್ನು ತಂದರು. ಗಾಡಿಯ ಚಕ್ರ ಹರಿದು ಎಡಗಾಲಿನ ಎಲುಬು ಮುರಿದಿತ್ತು, ಚರ್ಮವೂ ಸೀಳಿತ್ತು. ಚರ್ಮ ಹರಿಯದಿದ್ದರೆ ಅಷ್ಟು ಭಯವಿರಲಿಲ್ಲ. ದಬ್ಬೆ ಕಟ್ಟಿ ಮಲಗಿಸಿದರೆ ಎಲುಬು ತಾನಾಗಿ ಕೂಡಿಕೊಳ್ಳುತ್ತಿತ್ತು. ಬಾಯಿಬಿಟ್ಟ ಗಾಯದ ಮಾತೇ ಬೇರೆ. ಅದು ಕೊಳೆತು ನಂಜು ಮೈಗೇರುವುದು ಅಂದಿನ ಆಸ್ಪತ್ರೆಗಳಲ್ಲಿ ನಿತ್ಯದ ಸಂಗತಿ. ಪ್ರಾಣ ಉಳಿಯಬೇಕಾದರೆ ಕಾಲನ್ನು ಕತ್ತರಿಸಬೇಕೆಂಬುದು ವೈದ್ಯರ ರೂಢಿಯ ತೀರ್ಮಾನ. ಹಾಗೆ ಕತ್ತರಿಸಿದ ಗಾಯವೂ ಕೊಳೆಯುತ್ತಿತ್ತು.

ಆ ಕಾಲನ್ನು ಉಳಿಸಲು ಹೊರಟ ಜೋಸೆಫ್ ಲಿಸ್ಟರ್ 1827ರಲ್ಲಿ ಲಂಡನ್ನಿನ ಬಳಿಯ ಅಪ್ಟನ್ನಿನಲ್ಲಿ ಕ್ವೇಕರ್ ಮನೆತನದಲ್ಲಿ ಹುಟ್ಟಿದವನು. ತಂದೆ ಮದ್ಯದ ವ್ಯಾಪಾರಿಯಾಗಿದ್ದರೂ ಸೂಕ್ಷ್ಮದರ್ಶಕದ ಮಸೂರಗಳನ್ನು ಉತ್ತಮಗೊಳಿಸಿದ ವಿದ್ವಾಂಸ. ಕಣ್ಣಿಗೆ ಕಾಣದ ಜೀವಿಗಳ ಮಾತನ್ನು ಮಗನು ಬೇಗನೆ ನಂಬಿದ್ದಕ್ಕೆ ಈ ಬಾಲ್ಯವೂ ಕಾರಣವಿರಬೇಕು. ಎಡಿನ್‌ಬರೋದಲ್ಲಿ ಸೈಮ್ ಎಂಬ ಶಸ್ತ್ರವೈದ್ಯನ ಬಳಿ ಪಳಗಿ, ಅವನ ಮಗಳು ಆಗ್ನೆಸಳನ್ನು ವರಿಸಿ, 1860ರಲ್ಲಿ ಪ್ರಾಧ್ಯಾಪಕನಾಗಿ ಗ್ಲಾಸ್ಗೋಗೆ ಬಂದನು. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂದು ಫ್ರಾನ್ಸಿನ ಪಾಸ್ತರನು ತೋರಿಸಿದ್ದುದು ಅಲ್ಲಿಯ ರಸಾಯನಶಾಸ್ತ್ರಜ್ಞ ಆಂಡರ್ಸನ್ನನಿಂದ ತಿಳಿಯಿತು. ಕಾರ್ಲೈಲ್ ಪಟ್ಟಣದ ಕೊಳಚೆಯ ನಾತವನ್ನು ಕಾರ್ಬಾಲಿಕ್ ಆಮ್ಲ ಅಡಗಿಸಿತೆಂಬ ಸುದ್ದಿಯೂ ಕಿವಿಗೆ ಬಿದ್ದಿತು.

ಆ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಬಾಲಕನ ಗಾಯದ ಮೇಲಿಟ್ಟು ದಬ್ಬೆ ಕಟ್ಟಿದನು. ನಾಲ್ಕು ದಿನ ಪಟ್ಟಿಯನ್ನು ಬಿಚ್ಚಲಿಲ್ಲ. ಬಿಚ್ಚಿದಾಗ ದುರ್ವಾಸನೆಯಿರಲಿಲ್ಲ, ಆಮ್ಲದ ಉರಿಗೆ ಚರ್ಮ ಕೆರಳಿತ್ತು, ಅಷ್ಟೆ. ಆರು ವಾರ ಕಳೆಯುವಷ್ಟರಲ್ಲಿ ಎಲುಬು ಕೂಡಿತು.

1867ರಲ್ಲಿ ಲಿಸ್ಟರನು ಇಂಥ 11 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಒಬ್ಬನು ಸತ್ತಿದ್ದನು, ಒಬ್ಬನು ಅಂಗ ಕಳೆದುಕೊಂಡಿದ್ದನು, ಅದನ್ನೂ ಮರೆಮಾಚಲಿಲ್ಲ. ಹಳೆಯ ಕ್ರಮದಲ್ಲಿ ಅವನ ವಾರ್ಡುಗಳಲ್ಲೇ ಅಂಗಚ್ಛೇದನವಾದ 35 ಮಂದಿಯಲ್ಲಿ 16 ಮಂದಿ ತೀರಿಕೊಂಡಿದ್ದರು. 1867ರಿಂದ 1869ರವರೆಗೆ 40 ಮಂದಿಯಲ್ಲಿ 6 ಮಂದಿ. ಕತ್ತಿ ಹಳೆಯದೇ; ಬದಲಾದದ್ದು ಆರೈಕೆ. ಪಟ್ಟಿಯನ್ನು ಯಾವಾಗ ಬಿಚ್ಚಬೇಕು, ಮುಟ್ಟುವ ಕೈಯನ್ನು ಯಾವುದರಲ್ಲಿ ತೊಳೆದಿರಬೇಕು ಎಂಬ, ಕಿರಿಯರ ಪಾಲಿಗೆ ಬಿಟ್ಟುಬಿಡಬಹುದಾದ ಕೆಲಸವನ್ನು ಈ ಪ್ರಾಧ್ಯಾಪಕನು ತಾನೇ ಮಾಡಿ ತೋರಿಸಿದನು. ಗಾಳಿಗೆ ಆಮ್ಲ ಸಿಂಪಡಿಸುವ ಯಂತ್ರವೊಂದನ್ನು ವರ್ಷಗಟ್ಟಲೆ ನೆಚ್ಚಿದ್ದು, ಅದು ಅನಗತ್ಯವೆಂದು ಮನಗಂಡು 1890ರಲ್ಲಿ ಬಹಿರಂಗವಾಗಿಯೇ ನಿರಾಕರಿಸಿದನು. ಅವನಿಗೆ ದೊರೆತ ಲಾರ್ಡ್ ಪದವಿಗಿಂತ ಇದು ದೊಡ್ಡದೆಂದು ನನ್ನ ಎಣಿಕೆ. 1877ರಲ್ಲಿ ಲಂಡನ್ನಿಗೆ ಹೋದವನು 1912ರಲ್ಲಿ ಕಾಲವಾದನು.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಲಿಸ್ಟರನ ಋಣವಿದೆ. ಅವನು ಮತ್ತೆ ಎಡಿನ್‌ಬರೋದಲ್ಲಿದ್ದಾಗ, 1873ರಲ್ಲಿ, ಹೆನ್ಲಿ ಎಂಬ ತರುಣನು ಅವನನ್ನು ಹುಡುಕಿಕೊಂಡು ಬಂದನು. ಎಲುಬಿನ ಕ್ಷಯಕ್ಕೆ ಒಂದು ಕಾಲು ಆಗಲೇ ಬಲಿಯಾಗಿತ್ತು, ಇನ್ನೊಂದೂ ಹೋಗುವುದರಲ್ಲಿತ್ತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದ ಆತನು ಅಲ್ಲಿಯ ದಾದಿಯರನ್ನೂ ಲಿಸ್ಟರನನ್ನೂ ಕವಿತೆಗಳಲ್ಲಿ ಚಿತ್ರಿಸಿದನು. ಸ್ಟೀವನ್‌ಸನ್ನನ ಸ್ನೇಹ ದೊರೆತದ್ದೂ ಅಲ್ಲಿಯೇ. ಟ್ರೆಷರ್ ಐಲೆಂಡ್ ಕಾದಂಬರಿಯ ಒಂಟಿಕಾಲಿನ ಸಿಲ್ವರನಿಗೆ ಹೆನ್ಲಿಯೇ ಪ್ರೇರಣೆ. 1875ರಲ್ಲಿ ಆತನು ಆಸ್ಪತ್ರೆಯಿಂದ ಹೊರಬಿದ್ದಾಗ ಉಳಿದ ಕಾಲು ಉಳಿದೇ ಇತ್ತು.